ಆಕಾಶದಲ್ಲಿ ತಲೆಕೆಳಗಾದ ಅರಮನೆ: ಲೆನ್ಸ್ ಫ್ಲೇರ್ ಬಗ್ಗೆ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ಎರಡು ವರ್ಷದಿಂದ ಫೋಟೊ ತೆಗೆಯುತ್ತಿದ್ದೇನೆ. ಕ್ಯಾಮೆರಾ ಜೊತೆ ಬಂದ 18-55 ಲೆನ್ಸ್, ಅದರ ಮೇಲೆ ಅಂಗಡಿಯವರು ಹಾಕಿಕೊಟ್ಟ ಯುವಿ ಫಿಲ್ಟರ್, ಇಷ್ಟೇ ನನ್ನ ಸಾಮಾನು. ಮೇ ರಜೆಯಲ್ಲಿ ಹಂಪಿಗೆ ಹೋಗಿದ್ದಾಗ ಬೆಳಿಗ್ಗೆ ಮಾತಂಗ ಬೆಟ್ಟದ ಮೇಲಿಂದ ಅಚ್ಯುತರಾಯ ದೇವಸ್ಥಾನದ ಫೋಟೊ ತೆಗೆದೆ. ಸೂರ್ಯ ಫೋಟೊದಲ್ಲಿ ಇಲ್ಲವೇ ಇಲ್ಲ, ಆದರೂ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗಿದೆ. ಕಳೆದ ಭಾನುವಾರ ಮೈಸೂರು ಅರಮನೆಯ ದೀಪಾಲಂಕಾರ ತೆಗೆದರೆ ಕಪ್ಪು ಆಕಾಶದಲ್ಲಿ ಹಸಿರು ಚುಕ್ಕೆಗಳು, ಜೊತೆಗೆ ಅರಮನೆಯೇ ತಲೆಕೆಳಗಾಗಿ ಮಸುಕಾಗಿ ಕಾಣುತ್ತಿದೆ. ಫೋನಿನಲ್ಲಿ ತೆಗೆದರೂ ಹೀಗೇ. ಲೆನ್ಸ್ ಹಾಳಾಗಿದೆಯಾ? ಒಳ್ಳೆ ಲೆನ್ಸ್ ಕೊಂಡರೆ ಸರಿಹೋಗುತ್ತಾ?

ಉತ್ತರ: ನಮಸ್ಕಾರ. ನಿಮ್ಮ ಲೆನ್ಸ್ ಹಾಳಾಗಿಲ್ಲ. ಹೊಸದು ಕೊಳ್ಳುವ ಯೋಚನೆಯನ್ನು ಸದ್ಯಕ್ಕೆ ಬಿಟ್ಟುಬಿಡಿ. ಎರಡೂ ಫೋಟೊಗಳಲ್ಲಿ ಆಗಿರುವುದಕ್ಕೆ ಹೆಸರು ಒಂದೇ, ಫ್ಲೇರ್. ಆದರೆ ಕಾಯಿಲೆ ಎರಡು, ಮದ್ದೂ ಎರಡು. ಹಂಪಿಯ ಮದ್ದು ಮೈಸೂರಿಗೆ ನಾಟುವುದಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಜನ ಎರಡಕ್ಕೂ ಒಂದೇ ಉಪಾಯ ಮಾಡಿ, ಕೆಲಸ ಆಗದೆ, ಕೊನೆಗೆ ದುಬಾರಿ ಲೆನ್ಸ್ ಕೊಂಡು, ಅದರಲ್ಲೂ ಅದೇ ಕಂಡು ಬೇಜಾರಾಗುತ್ತಾರೆ.

ಫ್ಲೇರ್ ಕಂಡರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ತೊಂದರೆ ಕೊಡುತ್ತಿರುವ ಬೆಳಕು ಫ್ರೇಮಿನ ಒಳಗಿದೆಯಾ, ಹೊರಗಿದೆಯಾ? ಹೊರಗಿದ್ದರೆ ಏನಾದರೂ ಅಡ್ಡ ಹಿಡಿದು ತಡೆಯಬಹುದು. ಒಳಗಿದ್ದರೆ ತಡೆಯಲು ಆಗುವುದಿಲ್ಲ, ಯಾಕೆಂದರೆ ನೀವು ತೆಗೆಯಲು ಹೋಗಿರುವುದೇ ಆ ಬೆಳಕನ್ನು. ಆಗ ಅದರ ಪ್ರತಿಬಿಂಬ ಫೋಟೊದ ಯಾವ ಜಾಗದಲ್ಲಿ ಬೀಳಬೇಕು ಅನ್ನುವುದಷ್ಟೇ ನಿಮ್ಮ ಕೈಯಲ್ಲಿರುತ್ತದೆ. ನಿಮ್ಮ ಹಂಪಿ ಫೋಟೊ ಮೊದಲ ಜಾತಿ, ಅರಮನೆ ಎರಡನೆಯದು.

ಮೊದಲು ಲೆನ್ಸಿನ ಒಳಗೆ ಏನಾಗುತ್ತದೆ ನೋಡೋಣ. ರಾತ್ರಿ ಬಸ್ಸಿನ ಕಿಟಕಿಯಲ್ಲಿ ನಿಮ್ಮ ಮುಖ ಕಾಣುತ್ತದೆ ಅಲ್ವಾ? ಗಾಜು ಎಷ್ಟೇ ತಿಳಿಯಾಗಿದ್ದರೂ ಬಿದ್ದ ಬೆಳಕನ್ನೆಲ್ಲ ಒಳಗೆ ಬಿಡುವುದಿಲ್ಲ. ಸಾಮಾನ್ಯ ಗಾಜಿನ ಒಂದೊಂದು ಮೈಯಲ್ಲೂ, ಅಂದರೆ ಗಾಳಿ ಮತ್ತು ಗಾಜು ಸೇರುವ ಪ್ರತಿ ಕಡೆ, ಸುಮಾರು 4 ಪರ್ಸೆಂಟ್ ಬೆಳಕು ವಾಪಸ್ ಬರುತ್ತದೆ. ಲೆನ್ಸುಗಳಲ್ಲಿ ಬಳಸುವ ಭಾರದ ಗಾಜುಗಳಲ್ಲಿ ಇದು 8 ಪರ್ಸೆಂಟ್ ತನಕ ಹೋಗಬಹುದು. ಹೀಗೆ ವಾಪಸ್ ಬಂದ ಬೆಳಕು ಸುಮ್ಮನೆ ಹೊರಗೆ ಹೋದರೆ ತೊಂದರೆಯಿಲ್ಲ, ಸ್ವಲ್ಪ ಬೆಳಕು ಕಮ್ಮಿಯಾಯಿತು ಅಷ್ಟೇ. ಆದರೆ ಹೊರಗೆ ಹೋಗುವ ದಾರಿಯಲ್ಲಿ ಅದಕ್ಕೆ ಮುಂದಿನ ಗಾಜು ಸಿಗುತ್ತದೆ. ಅದರ ಮೈಗೆ ತಾಗಿ ಇನ್ನೊಂದು ಸಲ ತಿರುಗಿ, ಕ್ಯಾಮೆರಾದಲ್ಲಿ ಚಿತ್ರ ಹಿಡಿಯುವ ಸೆನ್ಸರ್ ಕಡೆಗೇ ಬರುತ್ತದೆ. ಎರಡು ಸಲ ತಿರುಗಿದ ಈ ಬೆಳಕೇ ನೀವು ನೋಡಿದ ಚುಕ್ಕೆಗಳು. ನಮ್ಮ ಕಡೆ ಫೋಟೊಗ್ರಾಫರುಗಳು ಇದನ್ನು ಘೋಸ್ಟ್ ಅನ್ನುತ್ತಾರೆ.

ಲೆಕ್ಕ ಹಾಕಿದರೆ ಗಾಬರಿಯಾಗುತ್ತದೆ. ಒಂದು ಲೆನ್ಸಿನಲ್ಲಿ ಗಾಳಿ ತಾಗುವ ಮೈಗಳು 16 ಇವೆ ಅಂದುಕೊಳ್ಳಿ. ಯಾವುದಾದರೂ ಎರಡು ಮೈ ಸೇರಿದರೆ ಒಂದು ಘೋಸ್ಟ್ ದಾರಿ. ಹಾಗೆ 120 ಜೋಡಿ ಆಗುತ್ತವೆ. ಮುಂದೆ ಒಂದು ಫಿಲ್ಟರ್ ಹಾಕಿದರೆ ಇನ್ನೆರಡು ಮೈ ಸೇರಿತು. ಜೋಡಿಗಳು 153. ಒಂದೇ ಒಂದು ಗಾಜಿನ ತುಂಡಿಗೆ 33 ಹೊಸ ದಾರಿ! ಇವುಗಳಲ್ಲಿ ಹೆಚ್ಚಿನವು ಕಣ್ಣಿಗೆ ಕಾಣುವಷ್ಟು ಒಟ್ಟಾಗುವುದೇ ಇಲ್ಲ. ಹರಡಿಕೊಂಡು ಫೋಟೊದ ಮೇಲೆ ತೆಳ್ಳಗೆ ಬೂದಿ ಬಳಿದ ಹಾಗೆ ಕೂರುತ್ತವೆ. ಕೆಲವು ಮಾತ್ರ ಚುಕ್ಕೆಯಾಗಿ, ಬಳೆಯಾಗಿ, ಇಲ್ಲವೇ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಬ್ಲೇಡುಗಳ ಆಕಾರದಲ್ಲಿ ಆರು ಮೂಲೆ, ಏಳು ಮೂಲೆಯಾಗಿ ಕಾಣುತ್ತವೆ.

ಇದನ್ನು ತಡೆಯಲು ಗಾಜಿನ ಮೇಲೆ ಕೋಟಿಂಗ್ ಹಾಕುತ್ತಾರೆ. ಈ ಕಥೆ ನನಗೆ ತುಂಬಾ ಇಷ್ಟ. 1892ರಲ್ಲಿ ಇಂಗ್ಲೆಂಡಿನ ಡೆನಿಸ್ ಟೇಲರ್ ಒಂದು ವಿಚಿತ್ರ ಗಮನಿಸಿದರು. ಹಳೆಯದಾಗಿ ಮೈ ಮಾಸಿದ ಲೆನ್ಸು ಹೊಸ ಲೆನ್ಸಿಗಿಂತ ಜಾಸ್ತಿ ಬೆಳಕು ಬಿಡುತ್ತಿತ್ತು. ಗಾಜಿನ ಮೇಲೆ ತಾನಾಗಿ ಕೂತಿದ್ದ ತೆಳು ಪದರವೇ ಅದಕ್ಕೆ ಕಾರಣ. ಅದನ್ನು ಬೇಕೆಂದಾಗ, ಒಂದೇ ಸಮನಾಗಿ ಕೂರಿಸುವ ಕೆಲಸ ಸರಿಯಾಗಿ ಆಗಿದ್ದು 1935ರಲ್ಲಿ. ಜರ್ಮನಿಯ ಜೀಸ್ ಕಂಪನಿಯ ಅಲೆಕ್ಸಾಂಡರ್ ಸ್ಮಕುಲ ನಿರ್ವಾತದಲ್ಲಿ ಪದರ ಕೂರಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಈ ಪದರ ಎಷ್ಟು ತೆಳು ಅಂದರೆ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲು. ಪದರದ ಮೇಲ್ಮೈಯಿಂದ ತಿರುಗಿದ ಬೆಳಕಿನ ಅಲೆಯೂ ಕೆಳಮೈಯಿಂದ ತಿರುಗಿದ ಅಲೆಯೂ ಒಂದನ್ನೊಂದು ಅಳಿಸುವ ಹಾಗೆ ಆ ದಪ್ಪವನ್ನು ಹೊಂದಿಸಿರುತ್ತಾರೆ. ಒಂದು ಪದರ ಹಾಕಿದರೆ 4 ಪರ್ಸೆಂಟ್ ಇದ್ದದ್ದು ಒಂದೂಕಾಲಿನ ಆಸುಪಾಸಿಗೆ ಇಳಿಯುತ್ತದೆ. ಹಲವು ಪದರ ಹಾಕಿದರೆ ಅರ್ಧ ಪರ್ಸೆಂಟಿಗಿಂತ ಕೆಳಗೆ.

ಕೋಟಿಂಗ್ ಎಷ್ಟು ಮುಖ್ಯ ಅನ್ನುವುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ಜೀಸ್‌ನಲ್ಲೇ ಇದ್ದ ಪಾಲ್ ರುಡಾಲ್ಫ್ 1896ರಲ್ಲಿ ಪ್ಲಾನರ್ ಅನ್ನುವ ಆರು ಗಾಜಿನ ಲೆನ್ಸ್ ಮಾಡಿದರು. ಲೆಕ್ಕದ ಪ್ರಕಾರ ಅದ್ಭುತ ಲೆನ್ಸ್. ಆದರೆ ಗಾಳಿ ತಾಗುವ ಮೈಗಳು ಜಾಸ್ತಿ, ಆಗ ಕೋಟಿಂಗ್ ಇಲ್ಲ. ಚಿತ್ರ ಮಬ್ಬಾಗುತ್ತಿತ್ತು. ಅದೇ ರುಡಾಲ್ಫ್ 1902ರಲ್ಲಿ ನಾಲ್ಕೇ ಗಾಜಿನ ಟೆಸ್ಸಾರ್ ತಂದರು, ಜನ ಅದನ್ನೇ ಅಪ್ಪಿಕೊಂಡರು. ಕೋಟಿಂಗ್ ಬಂದ ಮೇಲೆ ಪ್ಲಾನರ್ ಮತ್ತೆ ಎದ್ದು ನಿಂತಿತು. ಇವತ್ತು ನೀವು ಕೊಳ್ಳುವ ಎಷ್ಟೋ 50 ಎಂಎಂ ಲೆನ್ಸುಗಳ ಒಳಗಿನ ಜೋಡಣೆ ಅದೇ ಕುಟುಂಬದ್ದು. ನಿಮ್ಮ 18-55ರಲ್ಲೂ ಒಳ್ಳೆಯ ಕೋಟಿಂಗ್ ಇದೆ. ಇಲ್ಲದಿದ್ದರೆ ಅಷ್ಟೊಂದು ಗಾಜುಗಳ ಲೆನ್ಸಿನಿಂದ ಒಂದು ಫೋಟೊ ಕೂಡ ನೆಟ್ಟಗೆ ಬರುತ್ತಿರಲಿಲ್ಲ.

ಈಗ ಹಂಪಿಗೆ ಬರೋಣ.

ಮಾತಂಗದ ತುದಿಯಲ್ಲಿ ನಿಂತು ಅಚ್ಯುತರಾಯ ದೇವಸ್ಥಾನ ನೋಡುವಾಗ ನಿಮ್ಮ ಮುಖ ಹೆಚ್ಚು ಕಡಿಮೆ ಉತ್ತರಕ್ಕಿರುತ್ತದೆ. ದೇವಸ್ಥಾನ ಬೆಟ್ಟದ ಬುಡದಲ್ಲಿ, ಅದರ ಮುಂದೆ ಉದ್ದಕ್ಕೆ ಹೋಗುವ ಬಜಾರಿನ ಬೀದಿ, ಆಮೇಲೆ ತುಂಗಭದ್ರೆ. ಸೂರ್ಯ ಬಲಗಡೆಯಿಂದ ಬರುತ್ತಾನೆ. ಆದರೆ ವರ್ಷಪೂರ್ತಿ ಒಂದೇ ಜಾಗದಿಂದ ಬರುವುದಿಲ್ಲ. ಹಂಪಿಯಲ್ಲಿ ಡಿಸೆಂಬರ್ ಕೊನೆಗೆ ಸೂರ್ಯ ಹುಟ್ಟುವುದು ನೇರ ಪೂರ್ವಕ್ಕಿಂತ ಸುಮಾರು 24 ಡಿಗ್ರಿ ದಕ್ಷಿಣಕ್ಕೆ. ಅಂದರೆ ಉತ್ತರಕ್ಕೆ ಮುಖ ಮಾಡಿದ ನಿಮ್ಮ ಬಲ ಭುಜದ ಹಿಂದೆ. ಅಲ್ಲಿಂದ ಬರುವ ಬೆಳಕು ಲೆನ್ಸಿನ ಮುಂದಿನ ಗಾಜಿಗೆ ತಾಗುವುದೇ ಇಲ್ಲ. ಜೂನಿನಲ್ಲಿ ಅಷ್ಟೇ ಡಿಗ್ರಿ ಉತ್ತರಕ್ಕೆ ಸರಿದಿರುತ್ತಾನೆ. ನೀವು ಹೋಗಿದ್ದು ಮೇ ತಿಂಗಳಲ್ಲಿ. ಸೂರ್ಯ ನಿಮ್ಮ ಬಲಕ್ಕೆ, ಸ್ವಲ್ಪ ಮುಂದೆ ಇದ್ದ. ಫೋಟೊದಲ್ಲಿ ಇಲ್ಲ ನಿಜ, ಆದರೆ ಲೆನ್ಸಿನ ಗಾಜಿನ ಮೇಲೆ ಓರೆಯಾಗಿ ಬಿದ್ದಿದ್ದ. ಚಳಿಗಾಲದಲ್ಲಿ ಅದೇ ಜಾಗದಲ್ಲಿ ನಿಮ್ಮ ಸ್ನೇಹಿತರು ತೆಗೆದ ಫೋಟೊ ಕಡುಬಣ್ಣದಲ್ಲಿ ಬಂದಿದ್ದರೆ ಅದು ಕ್ಯಾಮೆರಾದ ಹೆಚ್ಚುಗಾರಿಕೆಯಲ್ಲ, ತಿಂಗಳಿನದು.

ಓರೆಯಾಗಿ ಬಿದ್ದ ಬಿಸಿಲು ಗಾಜುಗಳ ನಡುವೆ, ಗಾಜುಗಳ ಅಂಚಿನಲ್ಲಿ, ಲೆನ್ಸಿನ ಕೊಳವೆಯ ಒಳಗೋಡೆಯಲ್ಲಿ ಓಡಾಡಿ ಎಲ್ಲ ಕಡೆ ಹರಡುತ್ತದೆ. ಗಾಜಿನ ಮೇಲೆ ಬೆರಳಿನ ಜಿಡ್ಡೋ ಧೂಳೋ ಇದ್ದರಂತೂ ಪ್ರತಿ ಕಣವೂ ಒಂದು ಪುಟ್ಟ ದೀಪ. ಕಪ್ಪಾಗಿರಬೇಕಾದ ನೆರಳು ಬೂದಿಯಾಗುತ್ತದೆ, ಬಂಡೆಯ ಕೆಂಪು ತೊಳೆದು ಹೋಗುತ್ತದೆ. ಇದು ಮುಸುಕು ಫ್ಲೇರ್. ಚುಕ್ಕೆ ಇರುವುದಿಲ್ಲವಾದ್ದರಿಂದ ಎಷ್ಟೋ ಜನಕ್ಕೆ ಇದು ಫ್ಲೇರ್ ಅಂತಲೇ ಗೊತ್ತಾಗುವುದಿಲ್ಲ. ಮಂಜು ಇತ್ತು, ಎಕ್ಸ್‌ಪೋಷರ್ (ಫೋಟೊಗೆ ಬಿಡುವ ಬೆಳಕಿನ ಲೆಕ್ಕ) ತಪ್ಪಾಯಿತು ಅಂದುಕೊಳ್ಳುತ್ತಾರೆ.

ಮದ್ದು ನಿಮ್ಮ ಎಡಗೈ. ಅಷ್ಟೇ. ಕ್ಯಾಮೆರಾವನ್ನು ಬಲಗೈಯಲ್ಲಿ ಭದ್ರವಾಗಿ ಹಿಡಿದು, ಎಡಗೈಯನ್ನು ಲೆನ್ಸಿನ ಬಲಮೇಲಕ್ಕೆ ತಂದು, ಬಿಸಿಲಿಗೆ ಕಣ್ಣಿನ ಮೇಲೆ ಕೈ ಅಡ್ಡ ಹಿಡಿಯುತ್ತೇವಲ್ಲ ಹಾಗೆ ಹಿಡಿಯಿರಿ. ಕೈಯ ನೆರಳು ಲೆನ್ಸಿನ ಮುಂದಿನ ಗಾಜಿನ ಮೇಲೆ ಪೂರ್ತಿ ಬೀಳಬೇಕು, ಕೈ ಮಾತ್ರ ಫ್ರೇಮಿಗೆ ಬರಬಾರದು. ಸ್ಕ್ರೀನ್ ನೋಡುತ್ತಾ ಮಾಡಿ. ಕೈ ಸರಿಯಾದ ಜಾಗಕ್ಕೆ ಬಂದ ಆ ಕ್ಷಣದಲ್ಲಿ ಚಿತ್ರದ ಮೇಲಿಂದ ಒಂದು ಪೊರೆ ಕಳಚಿ ಬಿದ್ದ ಹಾಗೆ ಬಣ್ಣ ಎದ್ದು ಬರುತ್ತದೆ. ಮೊದಲ ಸಲ ನೋಡಿದಾಗ ನನಗೆ ನಂಬಲು ಆಗಿರಲಿಲ್ಲ. ಟೋಪಿ, ಪುಸ್ತಕ, ಜೊತೆಗಿರುವವರ ನೆರಳು, ಯಾವುದಾದರೂ ಆದೀತು. ಟ್ರೈಪಾಡ್ ಇದ್ದರೆ ಇನ್ನೂ ಸುಲಭ, ಎರಡೂ ಕೈ ಖಾಲಿ.

ಲೆನ್ಸ್ ಹುಡ್ ಇದೇ ಕೆಲಸ ಮಾಡುವ ಸಾಮಾನು. ಆದರೆ ಅದಕ್ಕೊಂದು ಮಿತಿ ಇದೆ. ಜೂಮ್ ಲೆನ್ಸಿನ ಹುಡ್ ಅನ್ನು ಅತಿ ಅಗಲದ ಕೋನಕ್ಕೆ ಅಂದಾಜಿಸಿ ಮಾಡಿರುತ್ತಾರೆ, ಇಲ್ಲದಿದ್ದರೆ 18ರಲ್ಲಿ, ಅಂದರೆ ನಿಮ್ಮ ಲೆನ್ಸಿನ ಅತಿ ಅಗಲದ ನೋಟದಲ್ಲಿ, ಹುಡ್ಡಿನ ಅಂಚೇ ಫೋಟೊದ ಮೂಲೆಗಳಲ್ಲಿ ಬರುತ್ತದೆ. ಹೂವಿನ ಎಸಳಿನ ಹಾಗೆ ಕತ್ತರಿಸಿರುವುದೂ ಅದಕ್ಕೇ. ಹಾಗಾಗಿ 55ಕ್ಕೆ ಜೂಮ್ ಮಾಡಿದಾಗ ಅದು ಸಾಕಾಗುವುದಿಲ್ಲ, ಕೈ ಬೇಕೇ ಬೇಕು. ಇನ್ನೊಂದು ವಿಷಯ. ಹುಡ್ ಅನ್ನು ತಿರುಗಿಸಿ ಹಿಂದಕ್ಕೆ ಹಾಕಿಕೊಂಡು ಓಡಾಡುವವರು ತುಂಬಾ ಜನ. ಹಾಗೆ ಹಾಕುವುದು ಚೀಲದಲ್ಲಿ ಇಡುವುದಕ್ಕೆ. ಫೋಟೊ ತೆಗೆಯುವಾಗ ದಯವಿಟ್ಟು ಮುಂದಕ್ಕೆ ಹಾಕಿ.

ಇನ್ನು ಮೈಸೂರು. ಇಲ್ಲಿ ವಿಷಯ ಜಾಸ್ತಿ ಇದೆ.

ಅರಮನೆಯ ಮೇಲೆ ಸುಮಾರು ಒಂದು ಲಕ್ಷ ಬಲ್ಬುಗಳಿವೆ. ಎಲ್ಲವೂ ಫ್ರೇಮಿನ ಒಳಗೆ. ಹುಡ್ ಹಾಕಿದರೂ, ಕೈ ಅಡ್ಡ ಹಿಡಿದರೂ ಇಲ್ಲಿ ಉಪಯೋಗವಿಲ್ಲ. ಮೇಲೆ ಕಪ್ಪು ಆಕಾಶ, ಅಂದರೆ ಎಷ್ಟೇ ಸಣ್ಣ ಪ್ರತಿಬಿಂಬ ಬಿದ್ದರೂ ಎದ್ದು ಕಾಣುವ ಪರದೆ. ಘೋಸ್ಟ್ ಹುಡುಕಲು ಇದಕ್ಕಿಂತ ಒಳ್ಳೆಯ ಜಾಗ ಕರ್ನಾಟಕದಲ್ಲಿ ಇಲ್ಲ ಅನ್ನಬಹುದು.

ನಿಮ್ಮ ಕ್ಯಾಮೆರಾ ಫೋಟೊದಲ್ಲಿ ತಲೆಕೆಳಗಾದ ಅರಮನೆ ಬಂದಿದೆಯಲ್ಲ, ಅದಕ್ಕೆ ಕಾರಣ ಬಹುಮಟ್ಟಿಗೆ ಆ ಯುವಿ ಫಿಲ್ಟರ್. ಹೇಗೆ ಅಂತ ಕೇಳಿ. ಡಿಜಿಟಲ್ ಸೆನ್ಸರ್ ಮತ್ತು ಅದರ ಮೇಲಿನ ಗಾಜು ನುಣುಪಾಗಿ ಹೊಳೆಯುತ್ತವೆ. ಅದರ ಮೇಲೆ ಬಿದ್ದ ಬಲ್ಬಿನ ಬೆಳಕಿನಲ್ಲಿ ಒಂದು ಪಾಲು ತಿರುಗಿ, ಬಂದ ಲೆನ್ಸಿನ ಮೂಲಕವೇ ಹೊರಗೆ ಹೊರಡುತ್ತದೆ. ಬಾಗಿಲಲ್ಲಿ ಚಪ್ಪಟೆ ಫಿಲ್ಟರ್ ನಿಂತಿದೆ. ಅದು ಕನ್ನಡಿಯ ಹಾಗೆ ಒಂದಿಷ್ಟನ್ನು ಒಳಗೆ ತಳ್ಳುತ್ತದೆ. ಫಿಲ್ಟರ್ ಚಪ್ಪಟೆಯಾಗಿರುವುದರಿಂದ ಆ ಬೆಳಕು ಮತ್ತೆ ಸೆನ್ಸರ್ ಮೇಲೆ ಚೆನ್ನಾಗಿಯೇ ಫೋಕಸ್ ಆಗುತ್ತದೆ, ಆದರೆ ಫ್ರೇಮಿನ ನಡುಬಿಂದುವಿನ ಸರಿಯಾಗಿ ಆಚೆ ಬದಿಗೆ. ಎಡ ಕೆಳಗಿನ ಬಲ್ಬು ಬಲ ಮೇಲೆ, ಬಲ ಕೆಳಗಿನದು ಎಡ ಮೇಲೆ. ಒಂದು ಲಕ್ಷ ಬಲ್ಬಿಗೂ ಹೀಗೇ ಆದರೆ? ಇಡೀ ಅರಮನೆ ಆಕಾಶದಲ್ಲಿ ತಲೆಕೆಳಗು.

ತಲೆಕೆಳಗು ಅಂದ ಕೂಡಲೇ ಹಂಪಿ ನೋಡಿ ಬಂದ ನಿಮಗೆ ವಿರೂಪಾಕ್ಷ ದೇವಸ್ಥಾನದ ಒಳಗೆ ಗೋಡೆಯ ಮೇಲೆ ಬೀಳುವ ಗೋಪುರದ ನೆರಳು ನೆನಪಾಗಿರಬಹುದು. ಅದು ಬೇರೆ. ಕತ್ತಲೆ ಕೋಣೆಗೆ ಸಣ್ಣ ಕಿಂಡಿಯಿಂದ ಬರುವ ಬೆಳಕಿನ ಕೆಲಸ ಅದು, ಅಲ್ಲಿ ಗಾಜೂ ಇಲ್ಲ, ಪ್ರತಿಫಲನವೂ ಇಲ್ಲ. ನಿಜ ಹೇಳಬೇಕೆಂದರೆ ನಿಮ್ಮ ಕ್ಯಾಮೆರಾದ ಒಳಗೆ ಸರಿಯಾದ ಚಿತ್ರವೇ ಹಾಗೆ ತಲೆಕೆಳಗಾಗಿ ಬೀಳುತ್ತದೆ, ಕ್ಯಾಮೆರಾ ಅದನ್ನು ನೆಟ್ಟಗೆ ಮಾಡಿ ತೋರಿಸುತ್ತದೆ. ಘೋಸ್ಟ್ ಇನ್ನೊಂದು ಸುತ್ತು ತಿರುಗಿರುವುದರಿಂದ ಅದೊಂದು ಮಾತ್ರ ನಮಗೆ ಉಲ್ಟಾ ಕಾಣುತ್ತದೆ.

ನನಗೂ ಇದು ಕಷ್ಟಪಟ್ಟೇ ತಿಳಿದದ್ದು. ಚಿಕ್ಕಪ್ಪನ ಮಗಳ ಮದುವೆಯ ಆರತಕ್ಷತೆ. ಮಂಟಪದ ಹಿಂದೆ ಸಾಲು ಸಾಲು ದೀಪ, ಮುಂದೆ ಹುಡುಗಿ. ಅಗ್ಗದ ಫಿಲ್ಟರೊಂದನ್ನು ಹಾಕಿಕೊಂಡು ಇಡೀ ಸಂಜೆ ತೆಗೆದೆ. ಕ್ಯಾಮೆರಾದ ಪುಟ್ಟ ಸ್ಕ್ರೀನಿನಲ್ಲಿ ಏನೂ ಕಾಣಲಿಲ್ಲ. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಹುಡುಗಿಯ ರೇಷ್ಮೆ ಸೀರೆಯ ಮೇಲೆ, ಕೆಲವು ಫೋಟೊಗಳಲ್ಲಿ ಹಣೆಯ ಮೇಲೆ, ಹಸಿರು ಚುಕ್ಕೆಗಳ ಸಾಲು. ಆ ಗಳಿಗೆ ಮತ್ತೆ ಬರುವುದಿಲ್ಲ. ಅವತ್ತಿನಿಂದ ರಾತ್ರಿ ದೀಪ ಇರುವ ಕಡೆ ನನ್ನ ಲೆನ್ಸಿನ ಮೇಲೆ ಫಿಲ್ಟರ್ ಇರುವುದಿಲ್ಲ.

ನಿಮ್ಮ ಫಿಲ್ಟರ್ ಹೇಗಿದೆ ಅಂತ ಮನೆಯಲ್ಲೇ ನೋಡಬಹುದು. ಅದನ್ನು ಬಿಚ್ಚಿ, ಕಪ್ಪು ಬಟ್ಟೆಯ ಮೇಲಿಟ್ಟು, ಮೇಲಿರುವ ಟ್ಯೂಬ್‌ಲೈಟಿನ ಪ್ರತಿಬಿಂಬ ನೋಡಿ. ಟ್ಯೂಬು ಬೆಳ್ಳಗೆ, ಪಳಪಳ ಅಂತ ಕಂಡರೆ ಕೋಟಿಂಗ್ ಇಲ್ಲ. ಎರಡು ಮೈ ಸೇರಿ 8 ಪರ್ಸೆಂಟ್ ಬೆಳಕು ತಿರುಗುತ್ತಿದೆ. ಮಂಕಾಗಿ ಹಸಿರು ಅಥವಾ ನೇರಳೆ ಬಣ್ಣದಲ್ಲಿ ಕಂಡರೆ ಕೋಟಿಂಗ್ ಇದೆ. ನಿಮ್ಮ ಘೋಸ್ಟ್ ಚುಕ್ಕೆಗಳು ಹಸಿರಾಗಿರುವುದೂ ಇದೇ ಕಾರಣಕ್ಕೆ. ಕೋಟಿಂಗ್ ಎಲ್ಲ ಬಣ್ಣವನ್ನೂ ಒಂದೇ ಸಮ ಅಳಿಸುವುದಿಲ್ಲ, ಅದು ಅಳಿಸದೆ ಬಿಟ್ಟ ಬಣ್ಣ ಚುಕ್ಕೆಯಾಗಿ ಉಳಿಯುತ್ತದೆ. ಒಳ್ಳೆಯ ಫಿಲ್ಟರಿನಲ್ಲಿ ಘೋಸ್ಟ್ ಕಮ್ಮಿಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಡಿಜಿಟಲ್ ಕ್ಯಾಮೆರಾದಲ್ಲಿ ಸೆನ್ಸರ್ ಮುಂದೆಯೇ ಯುವಿ ತಡೆಯುವ ಗಾಜು ಇರುತ್ತದೆ, ಹಾಗಾಗಿ ಯುವಿ ಫಿಲ್ಟರಿನಿಂದ ಚಿತ್ರಕ್ಕೆ ಲಾಭವೇನೂ ಇಲ್ಲ. ಸಮುದ್ರದ ದಂಡೆಯಲ್ಲಿ, ಕಂಬಳದ ಕೆಸರಿನ ಪಕ್ಕ, ಹೋಳಿ ಬಣ್ಣದ ನಡುವೆ ಗಾಜಿನ ಕಾವಲಿಗೆ ಹಾಕಿಕೊಳ್ಳಿ. ಅರಮನೆ ಮುಂದೆ ಬಿಚ್ಚಿ ಜೇಬಿಗೆ ಹಾಕಿಕೊಳ್ಳಿ.

ಫಿಲ್ಟರ್ ಬಿಚ್ಚಿದ ಮೇಲೂ ಒಂದೆರಡು ಘೋಸ್ಟ್ ಉಳಿಯುತ್ತವೆ. ಫೋನಿನಲ್ಲಂತೂ ಬಿಚ್ಚಲು ಏನೂ ಇಲ್ಲ. ಅದರ ಪುಟ್ಟ ಗಾಜುಗಳೂ ಸೆನ್ಸರ್ ಮೇಲಿನ ಚಪ್ಪಟೆ ಗಾಜೂ ಒಂದಕ್ಕೊಂದು ತೀರಾ ಹತ್ತಿರ ಕೂತಿರುತ್ತವೆ. ಎಷ್ಟೇ ದುಬಾರಿ ಫೋನಾದರೂ ರಾತ್ರಿ ಬೀದಿದೀಪಕ್ಕೆ ಒಂದು ಹಸಿರು ಚುಕ್ಕೆ ಬರುವುದು ಇದಕ್ಕೇ. ಆದರೆ ಇಲ್ಲೂ ಅದು ನಡುಬಿಂದುವಿನ ಆಚೆ ಬದಿಗೇ ಬೀಳುತ್ತದೆ. ಬೇರೆ ಘೋಸ್ಟುಗಳೂ ದೀಪದಿಂದ ನಡುಬಿಂದುವಿನ ಮೂಲಕ ಎಳೆದ ಗೆರೆಯ ಮೇಲೆಯೇ ಸಾಲಾಗಿ ಕೂರುತ್ತವೆ. ಈ ನಿಯಮ ಗೊತ್ತಿದ್ದರೆ ಸಾಕು, ಅದನ್ನು ನಮ್ಮ ಉಪಯೋಗಕ್ಕೆ ತಿರುಗಿಸಿಕೊಳ್ಳಬಹುದು.

ಹೇಗೆಂದರೆ, ಎಲ್ಲರೂ ಅರಮನೆಯನ್ನು ಫ್ರೇಮಿನ ಕೆಳಭಾಗದಲ್ಲಿಟ್ಟು ಮೇಲೆ ಆಕಾಶ ಬಿಡುತ್ತಾರೆ. ಆಗ ಘೋಸ್ಟ್ ನೇರ ಆಕಾಶಕ್ಕೆ ಹೋಗುತ್ತದೆ. ನೀವು ಹಾಗೆ ಮಾಡಬೇಡಿ. ಸ್ಕ್ರೀನಿನಲ್ಲಿ ಗ್ರಿಡ್ ಗೆರೆ ಹಾಕಿಕೊಂಡು ದೀಪಗಳ ಗುಂಪು ಫ್ರೇಮಿನ ಸರಿ ಮಧ್ಯಕ್ಕೆ ಬರುವ ಹಾಗೆ, ಅಂದರೆ ದೀಪಗಳ ಮೇಲೂ ಕೆಳಗೂ ಅಷ್ಟಷ್ಟೇ ಜಾಗ ಬಿಟ್ಟು ತೆಗೆಯಿರಿ. ಅರಮನೆ ಎಡಬಲ ಒಂದೇ ಸಮ ಇರುವ ಕಟ್ಟಡ. ಹಾಗಾಗಿ ಎಡಗಡೆಯ ಘೋಸ್ಟ್ ಬಲಗಡೆಯ ಬೆಳಗುವ ಗೋಡೆಯ ಮೇಲೆ ಬೀಳುತ್ತದೆ, ಬಲಗಡೆಯದು ಎಡಕ್ಕೆ. ಬೆಳಕಿನ ಮೇಲೆ ಬಿದ್ದ ಅಷ್ಟು ಮಂಕು ಚುಕ್ಕೆ ಯಾರ ಕಣ್ಣಿಗೂ ಕಾಣುವುದಿಲ್ಲ. ನಡುವಿನ ದೊಡ್ಡ ಗೋಪುರ ಎತ್ತರವಾಗಿರುವುದರಿಂದ ಅದರ ಘೋಸ್ಟ್ ಸ್ವಲ್ಪ ಕೆಳಗೆ ಅಂಗಳದಲ್ಲಿ ಬೀಳಬಹುದು. ಅಲ್ಲಿ ಜನ, ನೆಲದ ಬೆಳಕು ಇರುತ್ತದೆ, ಅದೂ ಮುಚ್ಚಿಹೋಗುತ್ತದೆ. ಆಮೇಲೆ ಕೆಳಗಿನ ಹೆಚ್ಚಿನ ಜಾಗವನ್ನು ಕ್ರಾಪ್ ಮಾಡಿ. ಬೇಕಾದ ಚೌಕಟ್ಟು ಸಿಕ್ಕಿತು, ಆಕಾಶವೂ ಶುಚಿ. ಅಗಲ ಸ್ವಲ್ಪ ಜಾಸ್ತಿ ಇಟ್ಟು ತೆಗೆದರೆ ಕ್ರಾಪ್ ಮಾಡಲು ಜಾಗ ಸಿಗುತ್ತದೆ.

ಎಕ್ಸ್‌ಪೋಷರ್ ಕೂಡ ಇಳಿಸಿ. ಫೋನು ರಾತ್ರಿ ಕಂಡರೆ ಎಲ್ಲವನ್ನೂ ಬೆಳಗಿಸಲು ಹೋಗುತ್ತದೆ, ಬಲ್ಬುಗಳು ಸುಟ್ಟು ಬಿಳಿಯಾಗುತ್ತವೆ, ಅದರ ಜೊತೆ ಘೋಸ್ಟೂ ಮೇಲೆದ್ದು ಬರುತ್ತದೆ. ಬಲ್ಬಿನ ಹೊಂಬಣ್ಣ ಕಾಣುವವರೆಗೆ ಬೆಳಕು ಇಳಿಸಿದರೆ ಘೋಸ್ಟ್ ಕಪ್ಪಿನೊಳಗೆ ಮುಳುಗುತ್ತದೆ, ಅರಮನೆಯೂ ಕಣ್ಣಿಗೆ ಕಂಡ ಹಾಗೇ ಬರುತ್ತದೆ. ಹೊತ್ತೂ ಮುಖ್ಯ. ಭಾನುವಾರ ದೀಪ ಹತ್ತುವುದು ಸಂಜೆ 7ರ ಹೊತ್ತಿಗೆ. ಜೂನ್‌ನಲ್ಲಿ ಮೈಸೂರಿನಲ್ಲಿ ಸೂರ್ಯ ಮುಳುಗುವುದೇ ಏಳಕ್ಕೆ ಕೆಲವು ನಿಮಿಷ ಇರುವಾಗ, ಆಕಾಶ ಇನ್ನೂ ನೀಲಿ ಇರುತ್ತದೆ, ಆ ನೀಲಿಯಲ್ಲಿ ಘೋಸ್ಟ್ ಅಡಗುತ್ತದೆ. ದಸರಾ ಹೊತ್ತಿಗೆ ಏಳಕ್ಕೆಲ್ಲ ಕಗ್ಗತ್ತಲು. ದೀಪ ಹತ್ತಿದ ಮೊದಲ ಐದು ನಿಮಿಷ ಬಿಡಬೇಡಿ.

ಸೂರ್ಯನೇ ಫ್ರೇಮಿನೊಳಗೆ ಬೇಕು ಅಂದಾಗ ಏನು ಮಾಡುವುದು? ನೀವು ಕೇಳಿಲ್ಲ, ಆದರೆ ಮತ್ತೆ ಹಂಪಿಗೆ ಹೋದರೆ ಬೇಕಾಗುತ್ತದೆ. ಒಂದು ಬಂಡೆಯ ಅಂಚಿಗೋ ಕಂಬದ ಮರೆಗೋ ಸೂರ್ಯನ ಮುಕ್ಕಾಲು ಪಾಲು ಅಡಗುವ ಹಾಗೆ ಅರ್ಧ ಹೆಜ್ಜೆ ಸರಿಯಿರಿ. ಬೆಳಕಿನ ಒಟ್ಟು ಪ್ರಮಾಣ ಇಳಿಯಿತು, ಫ್ಲೇರೂ ಇಳಿಯಿತು. ಅಪರ್ಚರ್ ಎಫ್ 16ಕ್ಕೆ, ಅಂದರೆ ಸಣ್ಣ ಕಿಂಡಿಗೆ, ಮುಚ್ಚಿದರೆ ಉಳಿದ ಚೂರು ಸೂರ್ಯ ನಕ್ಷತ್ರದ ಹಾಗೆ ಕಿರಣ ಬಿಡುತ್ತಾನೆ. ಆ ಕಿರಣ ಪ್ರತಿಫಲನದ್ದಲ್ಲ, ಬ್ಲೇಡುಗಳ ಅಂಚಿನಲ್ಲಿ ಬೆಳಕು ಬಾಗುವುದರಿಂದ ಬರುವುದು. ಬ್ಲೇಡು 7 ಇದ್ದರೆ ಕಿರಣ 14, 8 ಇದ್ದರೆ ಎಂಟೇ. ಆದರೆ ಅಪರ್ಚರ್ ಮುಚ್ಚಿದಷ್ಟೂ ಘೋಸ್ಟುಗಳು ಚಿಕ್ಕದಾಗಿ, ಅಂಚು ಚೂಪಾಗಿ ಎದ್ದು ಕಾಣುತ್ತವೆ. ತೆರೆದರೆ ದೊಡ್ಡದಾಗಿ ಹರಡಿ ಕರಗುತ್ತವೆ. ಎರಡರಲ್ಲಿ ಯಾವುದು ಬೇಕು ಅಂತ ಅಲ್ಲೇ ನಿಂತು ನೋಡಿ ಆರಿಸಿಕೊಳ್ಳಬೇಕು.

ಟ್ರೈಪಾಡ್ ಇದ್ದರೆ ನಾನು ಮಾಡುವುದು ಹೀಗೆ. ಒಂದು ಫೋಟೊ ಇದ್ದ ಹಾಗೆ. ಇನ್ನೊಂದು, ಕ್ಯಾಮೆರಾ ಅಲುಗಿಸದೆ, ಲೆನ್ಸಿನ ಮುಂದೆ ಹೆಬ್ಬೆರಳು ಹಿಡಿದು ಸೂರ್ಯನನ್ನು ಮುಚ್ಚಿ. ಎರಡನೆಯದರಲ್ಲಿ ಬೆರಳು ಕಾಣುತ್ತದೆ, ಆದರೆ ಉಳಿದೆಲ್ಲ ಕಡೆ ಒಂದು ಚುಕ್ಕೆ ಇರುವುದಿಲ್ಲ. ಕಂಪ್ಯೂಟರಿನಲ್ಲಿ ಒಂದರ ಮೇಲೊಂದಿಟ್ಟು ಬೆರಳಿದ್ದ ಜಾಗಕ್ಕೆ ಮಾತ್ರ ಮೊದಲ ಫೋಟೊದ ಸೂರ್ಯನನ್ನು ತಂದರೆ ಆಯಿತು. ಕಣ್ಣಿನ ಜೋಪಾನ ಮಾತ್ರ ಮರೆಯಬೇಡಿ. ಸೂರ್ಯ ಮೇಲೇರಿದ ಮೇಲೆ ಕನ್ನಡಿ ಇರುವ ಕ್ಯಾಮೆರಾದ ವ್ಯೂಫೈಂಡರಿನಲ್ಲಿ ಅವನನ್ನು ನೋಡಲೇಬಾರದು, ಸ್ಕ್ರೀನಿನಲ್ಲೇ ನೋಡಿ.

ಇನ್ನೊಂದು ಕಾರಣವನ್ನು ನಮ್ಮ ಕಡೆಯವರು ವಿಶೇಷವಾಗಿ ಗಮನಿಸಬೇಕು. ಮಳೆಗಾಲ. ಮಲೆನಾಡು, ಕರಾವಳಿಯಲ್ಲಿ ನಾಲ್ಕು ತಿಂಗಳು ಲೆನ್ಸ್ ಚೀಲದೊಳಗೇ ಕೂತರೆ ಗಾಜಿನ ಮೇಲೆ ಫಂಗಸ್ ಹಿಡಿಯುತ್ತದೆ. ಜೇಡರ ಬಲೆಯ ಎಳೆಯ ಹಾಗೆ ಕಾಣುತ್ತದೆ. ಕೆಲವು ಲೆನ್ಸಿನಲ್ಲಿ ಎಳೆ ಇಲ್ಲದೆ ಬರೀ ಮಂಜು ಕವಿದ ಹಾಗಿರುತ್ತದೆ. ಅಂಥ ಲೆನ್ಸಿನಲ್ಲಿ ನೆರಳಲ್ಲಿ ತೆಗೆದ ಫೋಟೊ ಚೆನ್ನಾಗಿಯೇ ಬಂದು, ಬೆಳಕಿಗೆ ಎದುರಾದ ಕೂಡಲೇ ಎಲ್ಲ ಮಬ್ಬಾಗುತ್ತದೆ. ಕತ್ತಲೆ ಕೋಣೆಯಲ್ಲಿ ಕ್ಯಾಮೆರಾದಿಂದ ಲೆನ್ಸ್ ಬಿಚ್ಚಿ, ಹಿಂದಿನಿಂದ ಫೋನಿನ ಟಾರ್ಚ್ ಓರೆಯಾಗಿ ಬಿಟ್ಟು ಮುಂದಿನಿಂದ ನೋಡಿ. ಎರಡು ಮೂರು ಧೂಳಿನ ಕಣ ಎಲ್ಲರ ಲೆನ್ಸಿನಲ್ಲೂ ಇರುತ್ತದೆ, ಚಿಂತೆ ಬೇಡ. ಎಳೆ ಅಥವಾ ಹೊಗೆಯಂಥ ಪೊರೆ ಕಂಡರೆ ರಿಪೇರಿಯವರಿಗೆ ಕೊಡಿ, ನೀವೇ ಬಿಚ್ಚಬೇಡಿ. ಫಂಗಸ್ ತುಂಬ ದಿನ ಬಿಟ್ಟರೆ ಕೋಟಿಂಗನ್ನೇ ತಿನ್ನುತ್ತದೆ, ಆಮೇಲೆ ಒರೆಸಿದರೂ ಗುರುತು ಹೋಗುವುದಿಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಟ್ಟು, ವಾರಕ್ಕೊಮ್ಮೆ ತೆಗೆದು ಬೆಳಕು ಗಾಳಿ ಕಾಣಿಸಿದರೆ ಈ ಗೋಳೇ ಬೇಡ.

ಹೊರಗಿನ ಗಾಜು ಒರೆಸುವುದಕ್ಕೂ ಒಂದು ಕ್ರಮ ಇದೆ. ಮೊದಲು ಬ್ಲೋವರಿನಿಂದ ಧೂಳು ಹಾರಿಸಿ, ಆಮೇಲೆ ಮೈಕ್ರೋಫೈಬರ್ ಬಟ್ಟೆ. ಷರ್ಟಿನ ಅಂಚು, ಪಂಚೆ, ಕರವಸ್ತ್ರ ಯಾವುದೂ ಬೇಡ. ಮರಳಿನ ಒಂದು ಕಣ ಇದ್ದರೂ ಕೋಟಿಂಗ್ ಮೇಲೆ ಗೀರು ಬೀಳುತ್ತದೆ, ಒಂದೊಂದು ಗೀರೂ ಫ್ಲೇರಿಗೆ ಹೊಸ ಬಾಗಿಲು. ಫೋನಿನ ಕ್ಯಾಮೆರಾ ಗಾಜಿಗೂ ಅಷ್ಟೇ. ದಿನಪೂರ್ತಿ ಬೆರಳು ತಾಗಿ ಜಿಡ್ಡಾಗಿರುತ್ತದೆ, ದೀಪದಿಂದ ಉದ್ದಕ್ಕೆ ಗೆರೆ ಎಳೆದ ಹಾಗೆ ಕಂಡರೆ ಅದು ಜಿಡ್ಡಿನ ಗುರುತು, ಒರೆಸಿದರೆ ಹೋಗುತ್ತದೆ. ಅದರ ಮೇಲೆ ಅಂಟಿಸುವ ಪ್ಲಾಸ್ಟಿಕ್ ಅಥವಾ ಗಾಜಿನ ಪ್ರೊಟೆಕ್ಟರ್ ಇದ್ದರೆ ತೆಗೆದುಬಿಡಿ. ಅದೂ ಒಂದು ಅಗ್ಗದ ಫಿಲ್ಟರೇ.

ಈಗಾಗಲೇ ತೆಗೆದ ಹಂಪಿ ಫೋಟೊ ಎಸೆಯಬೇಡಿ. ರಾ ಫೈಲ್ (ಕ್ಯಾಮೆರಾ ತಿದ್ದದೆ ಉಳಿಸಿದ ಮೂಲ ಫೈಲ್) ಇದ್ದರೆ ಎಡಿಟಿಂಗಿನಲ್ಲಿ ಕಪ್ಪನ್ನು ಇಳಿಸಿ, ಮಬ್ಬು ತೆಗೆಯುವ ಡಿಹೇಜ್ ಸ್ವಲ್ಪ ಏರಿಸಿದರೆ ಮುಕ್ಕಾಲು ಭಾಗ ವಾಪಸ್ ಬರುತ್ತದೆ. ಮುಸುಕು ಬಲಗಡೆ ದಟ್ಟವಾಗಿದ್ದರೆ ಆ ಕಡೆಗೆ ಮಾತ್ರ ಜಾಸ್ತಿ ಕೊಡಿ. ಅರಮನೆಯ ಆಕಾಶದ ಚುಕ್ಕೆಗಳನ್ನು ಹೀಲಿಂಗ್ ಬ್ರಷ್ಷಿನಿಂದ ಅಳಿಸಬಹುದು, ಹಿಂದೆ ಬರೀ ಕಪ್ಪು ಇರುವುದರಿಂದ ಸುಲಭ. ಮುಖದ ಮೇಲೆ, ಸೀರೆಯ ಮೇಲೆ ಬಿದ್ದ ಘೋಸ್ಟ್ ಮಾತ್ರ ಹಾಗೆ ಹೋಗುವುದಿಲ್ಲ.

ಇನ್ನು ಕೊಳ್ಳುವ ವಿಷಯ. ನಿಮ್ಮದರ ಹಾಗೆ ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸುಗಳ ಜೊತೆ ಸಾಮಾನ್ಯವಾಗಿ ಹುಡ್ ಕೊಡುವುದಿಲ್ಲ. ನಿಮ್ಮ ಲೆನ್ಸಿನ ಮಾದರಿ ಹೇಳಿ ಅದಕ್ಕೆ ಸರಿಹೊಂದುವ ಹುಡ್ ಒಂದು ತೆಗೆದುಕೊಳ್ಳಿ, ಬೇರೆ ಲೆನ್ಸಿನದು ಹಾಕಿದರೆ ಮೂಲೆ ಕಪ್ಪಾಗುತ್ತದೆ. ಬೇರೇನೂ ಬೇಡ. ಮುಂದಿನ ಭಾನುವಾರ ಅರಮನೆಗೆ ಹೋಗಿ ಒಂದೇ ಜಾಗದಲ್ಲಿ ನಿಂತು ಮೂರು ಫೋಟೊ ತೆಗೆಯಿರಿ: ಫಿಲ್ಟರ್ ಹಾಕಿ ಒಂದು, ಬಿಚ್ಚಿ ಒಂದು, ಬಿಚ್ಚಿ ಅರಮನೆಯನ್ನು ಮಧ್ಯಕ್ಕೆ ತಂದು ಒಂದು. ಮನೆಗೆ ಬಂದು ದೊಡ್ಡ ಸ್ಕ್ರೀನಿನಲ್ಲಿ ಮೂರನ್ನೂ ಪಕ್ಕಪಕ್ಕ ಇಟ್ಟು ಆಕಾಶ ನೋಡಿ. ಮೂರನೆಯದರಲ್ಲೂ ಚುಕ್ಕೆ ಉಳಿದಿದ್ದರೆ ಆ ಫೋಟೊ ನನಗೆ ಕಳಿಸಿ, ಯಾವ ದೀಪದ ಘೋಸ್ಟ್ ಅದು ಅಂತ ಗೆರೆ ಎಳೆದು ತೋರಿಸುತ್ತೇನೆ.